ಸೂತಕದಲ್ಲಿ ಊಟಿ ನೋಡಿದ್ದು

ನಮ್ಮ ಕಡೆ ಗಂಡಸಿನ ಬೋಳು ತಲೆಗೆ ಎರಡೇ ಕಾರಣ. ಒಂದೋ ತಿರುಪತಿ, ಇಲ್ಲವೇ ಸಾವು. ಎದುರಾದವರು ಮೊದಲು ತಲೆ ನೋಡುತ್ತಾರೆ, ಆಮೇಲೆ ಮುಖ ನೋಡುತ್ತಾರೆ, "ದರ್ಶನ ಆಯ್ತಾ?" ಅನ್ನಬೇಕೋ "ಏನಾಗಿತ್ತು?" ಅನ್ನಬೇಕೋ ತೀರ್ಮಾನಿಸುತ್ತಾರೆ. ನನ್ನ ಮುಖ ಹುಟ್ಟಿದಾಗಿನಿಂದ ಸಪ್ಪಗೇ ಇರುವುದರಿಂದ ನನ್ನ ವಿಷಯದಲ್ಲಿ ಯಾರಿಗೂ ಅನುಮಾನ ಬರಲಾರದು ಅಂದುಕೊಂಡಿದ್ದೆ. ಆದರೆ ಅಪ್ಪ ತೀರಿಕೊಂಡ ವಾರದಲ್ಲೇ, ಸೂತಕ ಕಳೆಯುವ ಮೊದಲೇ, ಆ ಬೋಳು ತಲೆ ಹೊತ್ತು ಊಟಿಗೆ ಹೋಗಿ ದೋಣಿಯಲ್ಲಿ ಕೂತು ಬಂದೆ. ನಮ್ಮೂರು ಅಮೃತಹಳ್ಳಿಯಲ್ಲಿ ಇದನ್ನು ಯಾರಿಗೂ ಹೇಳಿಲ್ಲ. ನೀವೂ ಹೇಳಬೇಡಿ.

ಅಪ್ಪ ಹೋದಾಗ ಅಮ್ಮ ಅಳಲಿಲ್ಲ. ಹೆಣ ಎತ್ತುವಾಗಲೂ ಅಳಲಿಲ್ಲ. ನೆಂಟರ ಹೆಂಗಸರು ಕೊರಳಿಗೆ ಜೋತುಬಿದ್ದು "ಅತ್ತುಬಿಡೇ ತಾಯಿ" ಅಂದರೂ ಗೋಡೆಗೆ ಒರಗಿ ಸುಮ್ಮನೆ ಕೂತಿದ್ದಳು. ಎರಡು ಗುಟುಕು ಕಾಫಿ ಬಿಟ್ಟರೆ ಬಾಯಿಗೆ ಏನೂ ಇಲ್ಲ. "ಇಂಗೇ ಒಳಗಿಟ್ಕೊಂಡ್ರೆ ಎದೆ ಒಡ್ದೋಯ್ತದೆ ಕಣೋ, ಏನಾರ ಮಾಡು" ಎಂದು ಚಿಕ್ಕಪ್ಪ ನನ್ನನ್ನು ಮೂಲೆಗೆ ಕರೆದು ಹೇಳಿದರು. ಏನು ಮಾಡುವುದು? ಅಪ್ಪನ ಹಿಂದೆಯೇ ಇವಳೂ ಹೊರಟುಬಿಡುತ್ತಾಳೇನೋ ಎಂದು ನನಗೆ ನಿಜಕ್ಕೂ ಭಯವಾಗಿತ್ತು.

ಮೂರನೇ ದಿನದ ಹಾಲು ತುಪ್ಪದ ಶಾಸ್ತ್ರ ಮುಗಿದ ಮಾರನೆಯ ದಿನ ಬೂದಿ ಬಿಡಲು ಶ್ರೀರಂಗಪಟ್ಟಣಕ್ಕೆ ಹೊರಟೆವು. ಹೆಂಗಸರು ಬರುವ ವಾಡಿಕೆ ನಮ್ಮಲ್ಲಿಲ್ಲ. ಅದನ್ನು ಹೇಳೋಣವೆಂದು ಹೋದರೆ ಅಮ್ಮ ಆಗಲೇ ಕಾರಿನೊಳಗೆ ಕೂತಿದ್ದಳು. ಜೊತೆಗಿರಲಿ ಎಂದು ನನ್ನ ಹೆಂಡತಿ ಶೋಭಾಳನ್ನೂ ಹತ್ತಿಸಿದೆ. "ಬೂದಿ ಬಿಟ್ಮೇಲೆ ದಾರೀಲಿ ಯಾರ ಮನೆಗೂ ಓಗ್ಬ್ಯಾಡಿ. ಬಾಗಿಲಲ್ಲಿ ನೀರಿಟ್ಟಿರ್ತೀನಿ, ಕಾಲ್ ತೊಳ್ಕೊಂಡೇ ಒಳಕ್ ಬನ್ನಿ" ಎಂದು ಚಿಕ್ಕಪ್ಪ ಕಿಟಕಿಯಲ್ಲಿ ತಲೆ ಹಾಕಿ ಅಪ್ಪಣೆ ಕೊಟ್ಟರು.

ಹೊಳೆಯ ಕೆಲಸವೆಲ್ಲ ಬೆಳಿಗ್ಗೆಯೇ ಮುಗಿಯಿತು. ಹೆದ್ದಾರಿಗೆ ಬಂದು ಬೆಂಗಳೂರಿನ ಕಡೆ ತಿರುಗಿಸುವಷ್ಟರಲ್ಲಿ ಅಮ್ಮ ಹಿಂದಿನಿಂದ ಬಾಯಿಬಿಟ್ಟಳು.

"ಆ ಕಡೆ ತಿರುಗ್ಸು."

"ಆ ಕಡೆ ಮೈಸೂರಮ್ಮಾ."

"ಗೊತ್ತು. ಮೈಸೂರ್ ಮೇಲೆ ಊಟಿಗೆ ನಡಿ."

"ಸೂತಕ ಕಣಮ್ಮಾ! ಚಿಕ್ಕಪ್ಪ ಏನ್ ಹೇಳಿದ್ರು?"

"ಯಾರ ಮನೆಗೂ ಓಗ್ಬೇಡಿ ಅಂದ್ರು. ಊಟಿಗೆ ಓಗ್ಬೇಡಿ ಅಂದ್ರಾ?"

ಇದಕ್ಕೆ ಯಾವ ಶಾಸ್ತ್ರದಲ್ಲಿ ಉತ್ತರವಿದೆಯೋ ನನಗೆ ಗೊತ್ತಿಲ್ಲ. ಮೇಲಾಗಿ, ಅಷ್ಟು ದಿನಗಳಲ್ಲಿ ಅವಳು ಆಡಿದ ಅತಿ ಉದ್ದದ ಮಾತು ಅದೇ. "ತಿರುಗ್ಸಿ ರೀ" ಎಂದು ಶೋಭಾ ಮೆಲ್ಲಗೆ ಹೇಳಿದಳು. ತಿರುಗಿಸಿದೆ.

ಇಲ್ಲಿ ಊಟಿಯ ಹಿಂದಿನ ಕಥೆ ಹೇಳಬೇಕು. ಅಮ್ಮ ಮದುವೆಯಾದಾಗಿನಿಂದ ಬೇಸಿಗೆ ಬಂತೆಂದರೆ ಊಟಿ ತೋರಿಸಿ ಅನ್ನುತ್ತಿದ್ದಳು. ಅಪ್ಪನಿಗೆ ಬ್ಯಾಟರಾಯನಪುರದ ಸಿಮೆಂಟು ಅಂಗಡಿ ಬಿಟ್ಟರೆ ಭೂಪಟದಲ್ಲಿ ಬೇರೆ ಊರೇ ಇರಲಿಲ್ಲ. "ಅಲ್ಲಿರೋದೂ ನೀರೇ, ಇಲ್ಲಿರೋದೂ ನೀರೇ" ಅನ್ನುತ್ತ ನಮ್ಮನ್ನೆಲ್ಲ ಸ್ಕೂಟರಿಗೆ ತುಂಬಿಕೊಂಡು ಜಕ್ಕೂರು ಕೆರೆ ಏರಿಯ ಮೇಲೆ ನಿಲ್ಲಿಸಿ, ಕಡಲೆಕಾಯಿ ಕೊಡಿಸಿ, "ನೋಡ್ಕೊಳ್ಳಿ, ಇದೇ ಊಟಿ" ಅನ್ನುತ್ತಿದ್ದರು. ಅಮ್ಮ ಸಿಡಿಮಿಡಿಗೊಳ್ಳುತ್ತಲೇ ಕಡಲೆಕಾಯಿ ತಿನ್ನುತ್ತಿದ್ದಳು.

ಊಟಿಯ ಚಳಿ ಹೊಸ ಬೋಳು ತಲೆಯನ್ನು ಎಲ್ಲಿದ್ದರೂ ಹುಡುಕಿಕೊಂಡು ಬರುತ್ತದೆ. ಬಿಳಿ ಪಂಚೆ, ಮೇಲೆ ಕಿತ್ತಳೆ ಬಣ್ಣದ ಲೈಫ್ ಜಾಕೆಟ್ಟು ತೊಟ್ಟು ದೋಣಿ ಹತ್ತಿದಾಗ, ನನ್ನನ್ನು ಯಾವುದೋ ಮಠದ ಸ್ವಾಮಿ ಅಂದುಕೊಂಡು ಇಬ್ಬರು ಕೈಮುಗಿದರು. ನಾನೂ ಕೈಯೆತ್ತಿ ಹರಸಿದೆ. ಬೇರೇನು ಮಾಡಲಿ?

ದೋಣಿ ಊಟಿ ಕೆರೆಯ ನಡುವಿಗೆ ಬಂತು. ಅಮ್ಮ ಬಗ್ಗಿ ನೀರನ್ನು ಕೈಯಿಂದ ಮುಟ್ಟಿದಳು. "ಇದೂ ನೀರೇ ಕಣೋ" ಅಂದಳು. "ನಮ್ ಜಕ್ಕೂರ್ ಕೆರೆ ಇದ್ದಂಗೇ ಅದೆ. ನಿಮ್ಮಪ್ಪ ಸುಳ್ಳೇಳಿರ್ಲಿಲ್ಲ." ಅಷ್ಟೇ. ಕಟ್ಟೆ ಒಡೆಯಿತು. ಸುತ್ತಲಿನ ದೋಣಿಗಳವರೆಲ್ಲ ತಿರುಗಿ ನೋಡುವ ಹಾಗೆ ಗೋಳೋ ಎಂದು ಅತ್ತಳು. ಹುಟ್ಟು ಹಾಕುತ್ತಿದ್ದ ಮುದುಕ ಗಾಬರಿಯಾಗಿ "ಭಯ ಬೇಡಮ್ಮಾ, ಇಲ್ಲಿ ಆಳ ಇಲ್ಲ" ಎಂದು ತನಗೆ ಬಂದ ಕನ್ನಡದಲ್ಲಿ ಸಮಾಧಾನ ಮಾಡಿದ. ನಾನೂ ಅತ್ತೆ. ಹರಸಿದ ಸ್ವಾಮಿಯೇ ಅಳುವುದನ್ನು ಆ ಇಬ್ಬರು ನೋಡಿದರೋ ಏನೋ.

ದಡಕ್ಕೆ ಬಂದ ಮೇಲೆ ಅಮ್ಮ ಬಿಸಿ ಬಜ್ಜಿ ಕೇಳಿದಳು. ಕಾರಿನ ಬಳಿ ನಿಂತು ತಿನ್ನುತ್ತಿರುವಾಗ ಪಕ್ಕದ ಗಾಡಿಯವರೊಬ್ಬರು ನಮ್ಮ ಯಲಹಂಕದ ನಂಬರ್ ಪ್ಲೇಟು ನೋಡಿ ಹಿಗ್ಗಿದರು. "ನಾವೂ ಯಲಹಂಕದವ್ರೇ ಸಾರ್! ತಿರುಪತಿ ಮುಗಿಸ್ಕೊಂಡು ಸೀದಾ ಇಲ್ಲಿಗ್ ಬಂದ್ರಾ? ದರ್ಶನ ಹೆಂಗಾಯ್ತು?"

ನಾನು ಬಾಯಿ ತೆರೆಯುವಷ್ಟರಲ್ಲಿ ಅಮ್ಮ ಕಣ್ಣೊರೆಸಿಕೊಂಡು "ಚೆನ್ನಾಗ್ ಆಯ್ತಪ್ಪಾ" ಅಂದು ಅವರ ಕೈಗೆ ಒಂದು ಬಜ್ಜಿ ಇಟ್ಟಳು. ಆ ಪುಣ್ಯಾತ್ಮ ಅದನ್ನು ಕಣ್ಣಿಗೊತ್ತಿಕೊಂಡು ತಿಂದ.

ನಡುರಾತ್ರಿ ಮನೆ ಮುಟ್ಟಿದಾಗ ಚಿಕ್ಕಪ್ಪ ಬಾಗಿಲಲ್ಲೇ ಕಾಯುತ್ತಿದ್ದರು. ಪಂಕ್ಚರ್ ಅಂದೆ. ಅಮ್ಮ ಕಾಲು ತೊಳೆದು ಒಳಗೆ ಹೋಗಿ, ತಾನಾಗಿಯೇ ಊಟಕ್ಕೆ ಕೂತಳು. ಚಿಕ್ಕಪ್ಪ ಪಂಕ್ಚರ್ ವಿಷಯ ಬಿಟ್ಟು ಅವಳಿಗೆ ತಟ್ಟೆ ಹಾಕಲು ಓಡಿದರು.

ಈಗ ತಲೆಯಲ್ಲಿ ಕೂದಲು ಪೂರ್ತಿ ಬಂದಿದೆ. ಮೊನ್ನೆ ಶೋಭಾ "ರೀ, ರಜಾಕ್ಕೆ ಕೊಡೈಕೆನಾಲ್‌ಗೆ ಹೋಗೋಣ್ವಾ? ಅಲ್ಲೂ ದೊಡ್ಡ ಕೆರೆ ಇದೆಯಂತೆ" ಅಂದಳು. ನಾನು ಮೊಬೈಲಿನಿಂದ ತಲೆ ಎತ್ತದೆ "ಅಲ್ಲಿರೋದೂ ನೀರೇ ಅಲ್ವೇನೇ?" ಅಂದೆ. ಆಡಿದ್ದು ನಾನೇ, ದನಿ ಮಾತ್ರ ಅಪ್ಪನದು. ಅಡುಗೆಮನೆಯಲ್ಲಿ ಈಳಿಗೆಮಣೆಯ ಸದ್ದು ನಿಂತಿತು.

"ಶೋಭಾ," ಅಮ್ಮ ಅಲ್ಲಿಂದಲೇ ಕೂಗಿದಳು, "ನನ್ನಂಗೆ ಕಾಯ್ಕೊಂಡ್ ಕೂರ್ಬೇಡ ಕಣವ್ವಾ. ಬಟ್ಟೆ ಜೋಡ್ಸ್ಕೋ."

ನಾನು ತಲೆ ಸವರಿಕೊಳ್ಳುತ್ತ ಕಾರಿನ ಕೀಲಿ ಹುಡುಕಲು ಎದ್ದೆ.