ಮಲಕ್ಕಾಗೆ ಇಟ್ಟ ಪ್ರಸ್ಥಾನ

ನನ್ನ ಮೊಟ್ಟಮೊದಲ ವಿದೇಶ ಪ್ರವಾಸ ಬೆಂಗಳೂರಿನ ಎನ್.ಆರ್. ಕಾಲೋನಿಯಲ್ಲಿ ಆರಂಭವಾಗಿ, ಎನ್.ಆರ್. ಕಾಲೋನಿಯಲ್ಲೇ, ಪಕ್ಕದ ಮನೆಯ ಬಾಗಿಲ ಮುಂದೆ ಮುಕ್ತಾಯವಾಯಿತು. ಕ್ರಮಿಸಿದ ದೂರ ಹನ್ನೊಂದು ಹೆಜ್ಜೆ. ಅಷ್ಟಕ್ಕೇ ನನಗಾದ ಸುಸ್ತು ಭೂಪ್ರದಕ್ಷಿಣೆ ಮಾಡಿ ಬಂದವರಿಗೂ ಆಗಿರಲಾರದು.

ಹೋಗಬೇಕಾಗಿದ್ದ ಊರು ಮಲಕ್ಕಾ. ಕಾನ್ವೆಂಟಿನಲ್ಲಿ ಭೂಗೋಳ ಹೇಳಿಕೊಡುತ್ತಿದ್ದ ಸಿಸ್ಟರ್ ಆಗ್ನೆಸ್ ಒಮ್ಮೆ ಅದರ ಚಿತ್ರ ತೋರಿಸಿದ್ದರು. ಊರ ನಡುವೆ ನದಿ, ಎರಡೂ ದಡಕ್ಕೆ ಹೆಂಚಿನ ಮನೆಗಳು, ಗುಡ್ಡದ ಮೇಲೆ ಪೋರ್ಚುಗೀಸರ ಕಾಲದ ಮುರುಕು ಇಗರ್ಜಿ. ಅಂದಿನಿಂದ ಮೂವತ್ತು ವರ್ಷ, ಸಾರಿಗೆ ಒಗ್ಗರಣೆ ಹಾಕುವಾಗಲೂ ನನ್ನ ಮನಸ್ಸು ಆ ನದಿಯಲ್ಲಿ ದೋಣಿಯಾಡುತ್ತಲೇ ಇತ್ತು. (ಒಗ್ಗರಣೆ ಸೀದದ್ದಕ್ಕೆ ಇದೇ ಕಾರಣವೆಂದು ಯಾರಿಗೂ ಹೇಳಿರಲಿಲ್ಲ.) ಕೌಲಾಲಂಪುರದ ರಬ್ಬರ್ ಕಂಪನಿಯಲ್ಲಿದ್ದ ನಮ್ಮಣ್ಣ ಎಂಬತ್ತೆರಡನೇ ಇಸವಿಯಲ್ಲಿ ನನಗೂ ನಮ್ಮವರಿಗೂ ವಿಮಾನದ ಟಿಕೆಟ್ ಕಳಿಸಿ, "ಬಂದುಬಿಡಿ, ಮಲಕ್ಕಾ ಇಲ್ಲಿಂದ ಬಸ್ಸಿನಲ್ಲಿ ಮೂರೇ ಗಂಟೆ" ಎಂದು ಬರೆದ.

"ಮಲಕ್ಕನಾ? ಯಾರೇ ಅವಳು, ನಿಮ್ಮ ಕಡೆಯೋಳಾ?" ಎಂದರು ನಮ್ಮತ್ತೆ ತುಳಸಮ್ಮ.

"ಅಕ್ಕ ಅಲ್ಲ ಅತ್ತೆ, ಊರು. ನದಿ ಇದೆ, ಹಳೇ ಕೋಟೆ ಇದೆ."

"ನದಿ, ಕೋಟೆ ನೋಡೋಕೆ ಸಮುದ್ರ ದಾಟ್ಬೇಕಾ? ಶ್ರೀರಂಗಪಟ್ಟಣಕ್ಕೆ ಒಂದ್ಸಲ ಕರ್ಕೊಂಡ್ಹೋಗಿ ಅಂತ ಹತ್ತು ವರ್ಷದಿಂದ ಬಡ್ಕೊಳ್ತಿದೀನಿ."

ನಮ್ಮವರು ರಾಮಾಂಜಿನಪ್ಪ ಸರ್ಕಾರಿ ನೌಕರರು. ದೇಶ ಬಿಡಲು ಅವರಿಗೆ 'ನಿರಾಕ್ಷೇಪಣಾ ಪತ್ರ' ಬೇಕಿತ್ತು. ಅದು ಆರು ಮೇಜುಗಳ ಮೇಲೆ ಒಂದೊಂದು ತಿಂಗಳು ವಿಶ್ರಮಿಸಿ, ಕಡೆಗೂ ಹದಿನೈದು ದಿನದ ರಜೆಯ ಜೊತೆ ಕೈಗೆ ಬಂತು. ಆ ಹದಿನೈದು ದಿನ ಬಿಟ್ಟರೆ ಇಲ್ಲ. ಟಿಕೆಟ್ಟೂ ಹಾಗೆಯೇ, ಅಗ್ಗದ್ದು, ಆ ದಿನ ತಪ್ಪಿದರೆ ಬರೀ ಕಾಗದ. ಶನಿವಾರ ಸಂಜೆ ಮದ್ರಾಸ್ ರೈಲು ಹತ್ತಬೇಕು, ಭಾನುವಾರ ವಿಮಾನ.

"ಶನಿವಾರ ಪೂರ್ವಕ್ಕೆ ಶೂಲ! ಹೊರಡಕೂಡದು" ಎಂದು ಅತ್ತೆ ಪಂಚಾಂಗ ಮಡಿಸಿದರು. ಪರಿಹಾರವೂ ಅವರ ಬಳಿಯೇ ಇತ್ತು: ಪ್ರಸ್ಥಾನ. ಒಳ್ಳೆಯ ದಿನ ನೋಡಿ ಪ್ರಯಾಣದ ಚೀಲವನ್ನು ಬೇರೆಯವರ ಮನೆಯಲ್ಲಿ ಇಟ್ಟುಬಿಟ್ಟರೆ ಅಂದೇ ಹೊರಟಂತೆ ಲೆಕ್ಕ. ಆಮೇಲೆ ಯಾವಾಗ ಬೇಕಾದರೂ ಅಲ್ಲಿಂದ ಚೀಲ ಎತ್ತಿಕೊಂಡು ಹೋಗಬಹುದು. ಒಂದೇ ನಿಯಮ, ಪ್ರಯಾಣ ಮುಗಿಯದೆ ಚೀಲ ಬಿಚ್ಚಬಾರದು, ಅದನ್ನು ಮನೆಗೆ ಮರಳಿ ತರಲೂಬಾರದು.

ಕಾನ್ವೆಂಟಿನ ನಾನು ನಕ್ಕು, ಬುಧವಾರ ಹಳೇ ಸೀರೆಯೊಂದನ್ನು ಚೀಲಕ್ಕೆ ತುರುಕಿದೆ.

"ದೇವರಿಗೇ ಟೋಪಿ ಹಾಕ್ತೀಯೇನೇ? ಯಾವುದಿಲ್ದೆ ಹೋಗೋಕಾಗಲ್ವೋ ಅದನ್ನ ಇಡ್ಬೇಕು ಕಣೇ!"

"ಸರಿ ಅತ್ತೆ, ಶಾಸ್ತ್ರ ಅಂದ್ಮೇಲೆ ಪೂರ್ತಿಯಾಗೇ ನಡೀಲಿ" ಎಂದು ಜಂಬದಿಂದ ಎರಡು ಪಾಸ್‌ಪೋರ್ಟ್, ಟಿಕೆಟ್, ಆ ನಿರಾಕ್ಷೇಪಣಾ ಪತ್ರ, ಎಲ್ಲವನ್ನೂ ಹಾಕಿ, ಪಕ್ಕದ ಮನೆಯ ಗಂಗರತ್ನಮ್ಮನ ನಡುಮನೆಯಲ್ಲಿ ಇಟ್ಟು ಬಂದೆ.

ಶನಿವಾರ ಸಂಜೆ ಆಟೋ ಬಂತು. ಪಕ್ಕದ ಮನೆಗೆ ಬೀಗ. ಎಳೆದರೆ ತಾನೇ ಬಿದ್ದುಕೊಳ್ಳುವ, ಒಳಗೇ ಕೂತಿರುವ ಇಂಗ್ಲಿಷ್ ಬೀಗ.

"ಮಗಳಿಗೆ ನೋವು ಶುರುವಾಯ್ತಂತೆ, ತುಮಕೂರಿಗೆ ಹೋದ್ರು" ಎಂದರು ಅತ್ತೆ, ಶಾಂತವಾಗಿ.

"ನಮ್ಮ ಚೀಲ?"

"ಕೇಳ್ದೆ. 'ನಮ್ಮನೆ ಇನ್ನೊಂದು ಕೀ ನಿಮ್ಮ ಸೊಸೆ ಹತ್ರಾನೇ ಇರುತ್ತಲ್ಲ, ತೆಗೆದುಕೊಳ್ತಾರೆ' ಅಂದ್ರು."

ಹೌದಲ್ಲ! ಅವರ ಕೀ ನಮ್ಮಲ್ಲಿ, ನಮ್ಮ ಕೀ ಅವರಲ್ಲಿ, ಇದು ಹತ್ತು ವರ್ಷದ ಪದ್ಧತಿ. ಅಡುಗೆಮನೆಯ ಮೊಳೆಗೆ ಕೈ ಹಾಕಿದೆ. ಮೊಳೆ ಇತ್ತು.

"ಕೀ ಎಲ್ಲಿ ವಿಶಾಲು?" ಎಂದರು ನಮ್ಮವರು, ಗಡಿಯಾರ ನೋಡುತ್ತಾ.

"ನಾನಿಲ್ದಾಗ ಅತ್ತೆ ಎಲ್ಲಾದ್ರೂ ಕಳೆದುಬಿಡ್ತಾರೆ ಅಂತ... ಗಂಗರತ್ನಮ್ಮನ ಕೈಗೇ ಕೊಡೋಣ ಅಂತ..."

"ಅಂತ?"

"ಚೀಲದ ಪಕ್ಕದ ಜೇಬಿಗೆ ಹಾಕಿದ್ದೆ ರೀ. ಕೊಡೋದು ಮರೆತೆ."

ಆಟೋದವನೂ ಎಂಜಿನ್ ಆರಿಸಿದ.

"ಬಾಗಿಲು ಒಡೀರಿ!" ಎಂದೆ.

"ನಾನು ಗೆಜೆಟೆಡ್ ಅಧಿಕಾರಿ ಕಣೇ! ಪಕ್ಕದ ಮನೆ ಬಾಗಿಲು ಮುರಿದು ಪಾಸ್‌ಪೋರ್ಟ್ ತಗೊಂಡು ದೇಶ ಬಿಟ್ಟ ಅಂತ ಪೇಪರಲ್ಲಿ ಬರೀತಾರೆ!"

ಬೀಗ ರಿಪೇರಿಯವನನ್ನು ಹುಡುಕಲು ಗಾಂಧಿ ಬಜಾರಿಗೆ ಓಡಿದರು. ಸಿಗಲಿಲ್ಲ. ರೈಲು ಹೋಯಿತು. ನಾನು ಗಂಗರತ್ನಮ್ಮನ ಮೆಟ್ಟಿಲ ಮೇಲೆ ಅಣ್ಣನಿಗೆಂದು ಕುಟ್ಟಿದ ಚಟ್ನಿಪುಡಿಯ ಡಬ್ಬಿ ತಬ್ಬಿಕೊಂಡು ಕೂತೆ. ಬೀಗಿದ್ದಕ್ಕೆ ಬೀಗವೇ ಉತ್ತರ. ಮೂವತ್ತು ವರ್ಷದ ನದಿ, ಕಿಟಕಿ ಸರಳಿನ ಆಚೆ, ಕುರ್ಚಿಯ ಮೇಲಿನ ಚೀಲದಲ್ಲಿ ಕಾಣುತ್ತಿತ್ತು.

ಸೋಮವಾರ ಗಂಗರತ್ನಮ್ಮ ಪೇಡದೊಂದಿಗೆ ಮರಳಿದರು. ಗಂಡು ಮಗು. ಅವರ ಹತ್ತು 'ಅಯ್ಯಯ್ಯೋ'ಗಳನ್ನು ಕೇಳಿಸಿಕೊಂಡು, ಚೀಲ ಹಿಡಿದು ನಮ್ಮ ಗೇಟು ದಾಟಲು ಹೋದರೆ ಅತ್ತೆ ಅಡ್ಡ ನಿಂತಿದ್ದರು, ಪೂಜೆಯ ಬುಟ್ಟಿ ಸಮೇತ, ರೇಷ್ಮೆ ಸೀರೆ ಉಟ್ಟು.

"ಪ್ರಯಾಣ ಮುಗೀದೆ ಪ್ರಸ್ಥಾನದ ಚೀಲ ಒಳಗೆ ಬರೋ ಹಾಗಿಲ್ಲ."

"ಈಗ ಎಲ್ಲಿಗೆ ಪ್ರಯಾಣ ಅತ್ತೆ?"

"ನದಿ ಇರ್ಬೇಕು, ಹಳೇ ಕೋಟೆ ಇರ್ಬೇಕು, ಅಲ್ವಾ?" ಎಂದು ಮಗನ ಕಡೆ ತಿರುಗಿದರು. "ಮೈಸೂರು ಬಸ್ಸು ಅರ್ಧ ಗಂಟೆಗೊಂದು ಇದೆ ಕಣೋ."

ನನಗೆ ವಾದಿಸುವ ತ್ರಾಣ ಉಳಿದಿರಲಿಲ್ಲ. ಆರು ತಿಂಗಳು ಕಾದು ಪಡೆದ ವಿದೇಶ ರಜೆಯಲ್ಲಿ ನಾವು ಕಾವೇರಿಯಲ್ಲಿ ಕಾಲು ಇಳಿಬಿಟ್ಟು ಮೊಸರನ್ನಕ್ಕೆ ಅಣ್ಣನ ಚಟ್ನಿಪುಡಿ ನಂಜಿಕೊಂಡೆವು. ಅತ್ತೆ ಮೂರು ಸಲ ಮುಳುಗಿ ಎದ್ದು, "ನಿಮ್ಮ ಮಲಕ್ಕನೂ ಇಷ್ಟೇ ತಾನೇ?" ಎಂದರು. ಪಾಸ್‌ಪೋರ್ಟುಗಳು ಪಕ್ಕದಲ್ಲೇ ಚೀಲದೊಳಗೆ ಇದ್ದವು. ಯಾರೂ ಕೇಳಲಿಲ್ಲ.

ಮರುದಿನ ಸಂಜೆ ಮನೆಗೆ ಬಂದರೆ ನಮ್ಮ ಮೆಟ್ಟಿಲ ಮೇಲೆ ಗಂಗರತ್ನಮ್ಮ, ಅವರ ಯಜಮಾನರು ಪಂಚಾಕ್ಷರಯ್ಯ ಕೂತಿದ್ದರು. ಮಧ್ಯೆ ಬಾಡಿದ ಸೊಪ್ಪಿನ ಚೀಲ.

"ಬೆಳಿಗ್ಗೆ ತರಕಾರಿಗೆ ಹೋದ್ವಿ ನೋಡಿ, ಬಾಗಿಲು ಎಳ್ಕೊಂಡುಬಿಟ್ಟಿದ್ರು ಇವರು, ಕೀ ಒಳಗೆ!" ಎಂದರು ಗಂಗರತ್ನಮ್ಮ. "ನಾನಂದೆ, ಗಾಬರಿ ಯಾಕೆ, ಇನ್ನೊಂದು ವಿಶಾಲಮ್ಮನ ಹತ್ರ ಇದ್ಯಲ್ಲ!"

ನಾನು ಚೀಲದ ಪಕ್ಕದ ಜೇಬಿಗೆ ಕೈ ಹಾಕಿದೆ.