ಬುಧವಾರದ ಬಯಕೆ

ಜಾಹೀರಾತಿನಲ್ಲಿ ಪಿಜ್ಜಾದ ಒಂದು ತುಂಡು ಎತ್ತಿದರೆ ಚೀಸು ಎಳೆ ಎಳೆಯಾಗಿ ಹೇಗೆ ಹಿಂದೆಯೇ ಬರುತ್ತದೆ! ನನ್ನ ಜೀವಮಾನದಲ್ಲಿ ಯಾರೂ ನನ್ನನ್ನು ಬಿಡಲಾರದೆ ಹಾಗೆ ಹಿಂಬಾಲಿಸಿದ್ದಿಲ್ಲ. (ವಿಮೆ ಏಜೆಂಟರನ್ನು ಬಿಟ್ಟರೆ.) ಆ ಎಳೆಯ ಸೆಳೆತಕ್ಕೆ ಐವತ್ತೊಂದರ ಈ ಎಳೆಯ ಸಿಕ್ಕಿಬಿದ್ದ.

ಆದರೆ ನಮ್ಮ ಯಲಬುರ್ಗಾದ ವಿಳಾಸ ಹಾಕಿದರೆ ಆ್ಯಪು, "ಅಲ್ಲಿಗೆ ನಾವು ಬರುವುದಿಲ್ಲ" ಎಂದು ಬೀಗರಂತೆ ಮುನಿಸಿಕೊಳ್ಳುತ್ತದೆ. ಅಂಗಡಿ ಇರುವುದು ಗಂಗಾವತಿಯಲ್ಲಿ. ಬುಧವಾರ ಖುದ್ದಾಗಿ ಹೋದವರಿಗೆ ಒಂದು ಕೊಂಡರೆ ಇನ್ನೊಂದು ಪುಕ್ಕಟೆ! ನಾನು ಹೋದರೆ ಆ ಪುಕ್ಕಟೆಯನ್ನು ಬಸ್ ಚಾರ್ಜೇ ನುಂಗುತ್ತದೆ. ಹೆಂಗಸರು ಹೋದರೆ? ಬಸ್ಸೂ ಪುಕ್ಕಟೆ! ನನ್ನೊಳಗಿನ ಅರ್ಥಮಂತ್ರಿ ಎದ್ದು ಕುಳಿತ.

"ಅತ್ತಿ ಸೊಸಿ ಇಬ್ಬರೂ ಹೋಗಿ ಬರ್ರಿ. ಹವಾ ಬದಲಾಗತೈತಿ," ಎಂದೆ.

"ಹವಾ ನಮಗ, ಪಿಜ್ಜಾ ನಿಮಗ?" ಎಂದಳು ಹೆಂಡತಿ ರೂಪಾ.

ನಮ್ಮವ್ವ ದುರುಗವ್ವ ಮಾತ್ರ, "ಪುಕ್ಕಟ ಅಂದಮ್ಯಾಲ ಗಂಗಾವತಿ ಯಾಕ, ಗಂಗಾನದಿಗೂ ಹೋಗೂಣು ನಡಿ," ಎಂದು ಹೊಸ ಸೀರೆ ಉಟ್ಟೇಬಿಟ್ಟಳು.

ಬುಧವಾರ ನಾನು ಮಧ್ಯಾಹ್ನದ ಊಟ ಬಿಟ್ಟೆ. (ಆಫೀಸಿನಲ್ಲಿ ವ್ರತವೆಂದೆ.) ಒಂದು ಗಂಟೆಗೆ ರೂಪಾಳ ಫೋನು: "ಎರಡು ಡಬ್ಬಿ ತಗೊಂಡ್ವಿ. ಬಿಸಿ ಅದಾವ."

ಬಿಸಿ ಅದಾವ! ಅದನ್ನೇ ಮಂತ್ರದಂತೆ ಜಪಿಸುತ್ತ, ವಧುವಿನ ದಾರಿ ಕಾಯುವ ವರನ ಹಾಗೆ ಸಂಜೆ ಬಸ್ ನಿಲ್ದಾಣದಲ್ಲಿ ನಿಂತೆ. ಇಬ್ಬರೂ ಇಳಿದರು. ಕೈ ಬೀಸಿಕೊಂಡು.

"ಡಬ್ಬಿ ಎಲ್ಲಿ?"

"ಬಸುರಿ ಹೆಣ್ಮಗಳಪ್ಪ," ಎಂದಳು ಅವ್ವ. "ತಳಕಲ್ಲಿನ ಅನುಷಾ ಅಂತ. ಕೊಪ್ಪಳದಾಗ ಹತ್ತಿ ನನ್ನ ಮಗ್ಗಲಕ್ಕ ಕುಂತ್ಲು. ವಾಸನಿಗೆ ಪಾಪ, ಬಾಯಾಗ ನೀರು ಬಂತು. ಬಸುರಿ ಬಯಕಿ ತೀರಿಸದಿದ್ರ ಕೂಸಿನ ಕಿವಿ ಸೋರತಾವ."

"ಅದಕ್ಕ ಎರಡೂ ಡಬ್ಬಿನಾ? ಕೂಸಿಗೆ ಕಿವಿ ಎಷ್ಟಿರತಾವ?"

"ಎರಡು," ಎಂದಳು ರೂಪಾ.

"ಮತ್ತ ನನ್ನ ಬಯಕಿ?"

"ನಿಮ್ಮ ಹೊಟ್ಟಿನೂ ಮುಂದ ಬಂದೈತಿ, ಖರೆ. ಒಳಗ ಯಾರೂ ಇಲ್ಲಲ್ರೀ!"

ವಿಷಯ ಅಲ್ಲಿಗೇ ಮುಗಿದಿದ್ದರೆ ನಾನೂ ಹಸಿವನ್ನು ನುಂಗಿಕೊಂಡು ಸುಮ್ಮನಾಗುತ್ತಿದ್ದೆ. ಆದರೆ ಬಸ್ಸಿನಲ್ಲೇ ರೂಪಾಳ ನಂಬರು ಇಸಿದುಕೊಂಡಿದ್ದ ಅನುಷಾಳ ಮನೆಯಿಂದ ಕರೆ ಬಂತು. ಶುಕ್ರವಾರ ಅವಳ ಕುಬಸ, ಎಂದರೆ ಸೀಮಂತ. ಬರಿಗೈಯಲ್ಲಿ ಹೋಗುವುದುಂಟೇ?

"ಅಕಿಗೆ ಆ ಪಿಜ್ಜಾನ ಸೇರೈತಿ. ಈ ಸಲ ನೀನ ಹೋಗಿ ತಂದು ತಳಕಲ್ಲಿಗೇ ಬಾ. ನಾವಿಬ್ಬರೂ ನೆಟ್ಟಗ ಅಲ್ಲಿಗೇ ಹೋಗತೀವಿ. ಗಂಗಾವತಿತನಕ ಅಂದ್ರ ನನಗ ಮೊಣಕಾಲು ನೋವು," ಎಂದಳು ಅವ್ವ.

ಶುಕ್ರವಾರವಾದ್ದರಿಂದ ಎರಡು ಡಬ್ಬಿಗೂ ಪೂರಾ ಬೆಲೆ. ಗಂಡಸಾದ್ದರಿಂದ ಪೂರಾ ಟಿಕೆಟ್ಟು. ನನಗೆಂದು ಮೂರನೆಯದೊಂದನ್ನು ಕೊಳ್ಳಬಹುದಿತ್ತು. ಪೂರಾ ಬೆಲೆಗೆ ಕೈ ಬರಲಿಲ್ಲ. ಸಮಾರಂಭದ ಮನೆಯಲ್ಲಿ ಒಂದು ತುಂಡಾದರೂ ಸಿಗದೇ ಹೋದೀತೇ ಎಂದುಕೊಂಡೆ.

ಬಸ್ಸಿನಲ್ಲಿ ಎರಡು ಡಬ್ಬಿಗಳು ಬೆಚ್ಚಗೆ ನನ್ನ ತೊಡೆಯ ಮೇಲೆ ಮಲಗಿದ್ದವು. ಮುಚ್ಚಳದ ಸಂದಿಯಿಂದ ದೇವಲೋಕದ ಪರಿಮಳ. ಬಸುರಿಗೆ ಒಯ್ಯುವುದನ್ನು ಎಂಜಲು ಮಾಡಬಾರದು. ಮೂಗಿಗೆ ಎಂಜಲಿಲ್ಲವಾದ್ದರಿಂದ ಭತ್ತದ ಗದ್ದೆಗಳು ಮುಗಿದು ಜೋಳದ ಹೊಲಗಳು ಬರುವ ತನಕ ಮೂಗಿನಿಂದಲೇ ತಿಂದೆ.

ತಳಕಲ್ಲಿನಲ್ಲಿ ಉಡಿ ತುಂಬಿದರು, ಆರತಿ ಮಾಡಿದರು, ಪಿಜ್ಜಾವನ್ನು ಹೆಂಚಿನ ಮೇಲೆ ಬಿಸಿಯೂ ಮಾಡಿದರು. ತಾಯಿಯಂಥ ಆ ಹುಡುಗಿ ಮೊದಲ ತುಂಡನ್ನೇ ತಟ್ಟೆಯಲ್ಲಿಟ್ಟುಕೊಂಡು ನೆಟ್ಟಗೆ ನನ್ನ ಹತ್ತಿರ ಬಂದಳು.

"ಕಾಕಾರ, ನೀವೂ ಒಂದು ತುಣುಕು ತಿನ್ರಿ."

ನಮ್ಮ ಕಡೆ ಮೊದಲ ಸಲ ಬೇಡವೆನ್ನುವುದು ಮರ್ಯಾದೆ, ಎರಡನೇ ಸಲ ನಾಚುವುದು ಪದ್ಧತಿ, ಮೂರನೇ ಸಲ ತಿನ್ನುವುದು ಸಂಪ್ರದಾಯ.

"ಬ್ಯಾಡವ್ವಾ, ನೀ ತಿನ್ನು. ನಮ್ಮ ಮನ್ಯಾಗ ಇದು ಇದ್ದದ್ದ," ಎಂದೆ, ಎರಡನೇ ಒತ್ತಾಯಕ್ಕೆ ನಾಚಿಕೆಯನ್ನೂ ಮೂರನೆಯದಕ್ಕೆ ಕೈಯನ್ನೂ ಸಿದ್ಧಮಾಡಿಕೊಂಡು.

ಅನುಷಾ ಈ ಕಾಲದ ಹುಡುಗಿ. "ಹೌದ್ರಿ? ಹಂಗಾದ್ರ ಛಲೋ ಆತು," ಎಂದವಳೇ ತುಂಡನ್ನು ತನ್ನ ಬಾಯಿಗಿಟ್ಟುಕೊಂಡಳು.

ಅವಳ ಹಿಂದೆಯೇ ಅವಳ ಅತ್ತೆ ಹುಲಗಮ್ಮ ಬಂದರು. ಆಕೆ ಹಳೇ ಕಾಲದವರು; ಬೇಡವೆಂದರೆ ಕೇಳುವವರಲ್ಲ. ಒಂದು ಸಲ, ಎರಡು ಸಲ, ಮೂರು ಸಲ ಒತ್ತಾಯ ಮಾಡಿ, ಅಡ್ಡ ಹಿಡಿದ ನನ್ನ ಕೈ ಸರಿಸಿ, ತಟ್ಟೆ ತುಂಬ ಬಡಿಸಿಯೇಬಿಟ್ಟರು, ಜೋಳದ ರೊಟ್ಟಿ.