ಯಾರೂ ಓದಬಾರದ ಅಕ್ಷರ

ಬೋರ್ಡಣ್ಣನ ಅಕ್ಷರ ಚೆನ್ನಾಗಿತ್ತು. ಆ ದಿನದ ತಾಪತ್ರಯಕ್ಕೆಲ್ಲ ಅದೇ ಕಾರಣ.

ಸುಮ್ಮನೆ ಚೆನ್ನಾಗಿತ್ತು ಅಂತಲ್ಲ ಮತ್ತೆ! ಮೂವತ್ತು ವರ್ಷ ಅಂಗಡಿ ಬೋರ್ಡು ಬರೆದ ಕೈ ಅದು. ಕನ್ನಡಕ ಮರೆತು ಬಂದವರು, ಓಡುವ ಬಸ್ಸಿನ ಕಿಟಕಿಯಿಂದ ಇಣುಕಿದವರು, ಎಲ್ಲರೂ ಸಲೀಸಾಗಿ ಓದುತ್ತಿದ್ದರು. ಪೇಟೆಯವರ ಹೆಸರೆಲ್ಲ ಆ ಕೈಯಿಂದಲೇ ಇಳಿದಿದ್ದವು. ಅವನ ಹೆಸರು ಮಾತ್ರ ಎಲ್ಲೂ ಇರಲಿಲ್ಲ. ಬೋರ್ಡು ಬರೆದವನ ಹೆಸರನ್ನು ಬೋರ್ಡಿನ ಮೇಲೆ ಹಾಕುವವರು ಯಾರು? ಜನ ಬೋರ್ಡಣ್ಣ, ಬೋರ್ಡಣ್ಣ ಅಂತ ಕರೆದೂ ಕರೆದೂ, ನಿಜವಾದ ಹೆಸರು ಅರ್ಜಿ ತುಂಬುವಾಗ ಮಾತ್ರ ಅವನಿಗೇ ನೆನಪಾಗುತ್ತಿತ್ತು.

ಹೀಗಿರುವಾಗ ‘ಹಾಹಾಕಾರ’ ಎಂಬ, ಕಿವಿಗಡಚಿಕ್ಕುವ ಮೆಟಲ್ ಸಂಗೀತದ ಬ್ಯಾಂಡಿನ ನಾಲ್ವರು ಅವನನ್ನು ಹುಡುಕಿಕೊಂಡು ಬಂದರು. ಸೊಂಟದವರೆಗೆ ಕೂದಲು, ಮೈತುಂಬ ಕಪ್ಪು ಬಟ್ಟೆ, ಮಾತು ಮಾತ್ರ ಬೆಣ್ಣೆ. ಹಲ್ಲಿನ ಡಾಕ್ಟರ ಬೋರ್ಡಿನ ಮೇಲೆ ಅವನು ಬರೆದಿದ್ದ ದವಡೆ ಅವರ ಕಣ್ಣಿಗೆ ಬಿದ್ದಿತ್ತು.

“ಸಾರ್, ಆ ಹಲ್ಲು ನೋಡಿ ನಮಗೆ ಮೈ ನಡುಗಿಬಿಡ್ತು. ನಮ್ಮ ಆಲ್ಬಮ್ ಕವರು ನೀವೇ ಬರ್ದುಕೊಡ್ಬೇಕು” ಎಂದ ಗಾಯಕ.

ಬೋರ್ಡಣ್ಣ ಬರೆದೇಬಿಟ್ಟ. ಹನ್ನೆರಡು ಇಂಚಿನ ಚೌಕದ ತುಂಬ ಬಾಯ್ತೆರೆದ ಒಂದು ಮುಖ. ಕೆಳದವಡೆಯ ಹಲ್ಲುಗಳ ಮೇಲೆ ಒಂದಿಡೀ ಊರು, ಮನೆಗಳು, ದೀಪದ ಕಂಬಗಳು, ಹಗ್ಗದ ಮೇಲೆ ಒಣಗುತ್ತಿರುವ ಅಂಗಿಗಳು ಸಮೇತ. ಎಂಥ ಕೆಲಸ ಅಂತೀರಿ! ನಾಲ್ವರೂ ಚಿತ್ರದ ಮೇಲೆ ಮುಗಿಬಿದ್ದರು. ಡ್ರಮ್ ಬಾರಿಸುವವನಂತೂ ಕಣ್ಣು ಒರೆಸಿಕೊಂಡ.

“ಕವರಿನ ಹಿಂದೆ ನಿಮ್ಮ ಹೆಸರು ಹಾಕ್ತೀವಿ ಸಾರ್.”

“ಪೂರ್ತಿ ಹೆಸರಾ?” ಬೋರ್ಡಣ್ಣ ಕುಂಚ ಕೆಳಗಿಟ್ಟ.

“ಪೂರ್ತಿ.”

ಈ ಸುದ್ದಿ ಕೇಳಿ ಹೆಂಡತಿ ಹಿಗ್ಗಿದ್ದೇ ಹಿಗ್ಗಿದ್ದು. “ಬೋರ್ಡು ಬರ್ಯೋನಿಗೆ ನಿನ್ನ ಕೊಟ್ಬಿಟ್ರಲ್ಲ ಅಂತ ನಮ್ಮಕ್ಕ ಇವತ್ತಿಗೂ ಅಂತಾಳೆ ಕಣ್ರೀ. ಆ ಹೆಸರು ಅವಳಿಗೆ ತೋರಿಸಿದ್ರೇ ನನಗೆ ಸಮಾಧಾನ.”

ಉಳಿದಿದ್ದು ಕವರಿನ ಮೇಲೆ ಬ್ಯಾಂಡಿನ ಹೆಸರು ಬರೆಯುವುದು, ಅಷ್ಟೇ. ಅದೊಂದು ಕೆಲಸವೇ? ಬೋರ್ಡಣ್ಣ ಬೆಳಿಗ್ಗೆ ಕಾಫಿ ಆರುವಷ್ಟರಲ್ಲಿ ಬರೆದು ಮುಗಿಸಿದ. ಗಾಯಕ ಬಂದು ನೋಡಿ, ಕೈ ಕೈ ಹಿಸುಕಿಕೊಂಡ.

“ಬಹಳ ಚೆನ್ನಾಗಿದೆ ಸಾರ್. ಆದ್ರೆ... ಓದಕ್ಕಾಗ್ತಿದೆ.”

“ಓದಕ್ಕಾಗಬಾರ್ದಾ?”

“ಆಗಬಾರ್ದು ಸಾರ್. ಮೆಟಲ್‌ನಲ್ಲಿ ಹಂಗೇ. ಗೊತ್ತಿದ್ದೋರಿಗೆ ಮಾತ್ರ ಗೊತ್ತಾಗ್ಬೇಕು. ಐದು ಗಂಟೆಗೆ ಪ್ರೆಸ್ಸಿಗೆ ಹೋಗ್ಬೇಕು. ಅಷ್ಟರಲ್ಲಿ ಆಗ್ಲಿಲ್ಲ ಅಂದ್ರೆ ಆಲ್ಬಮ್ ಕಂಪನಿಯವರು ಕಂಪ್ಯೂಟರ್‌ನಲ್ಲಿ ಬೇರೆ ಕವರೇ ಮಾಡ್ಬಿಡ್ತಾರೆ.”

ಬೇರೆ ಕವರು ಅಂದರೆ ಹೆಸರೂ ಹೋಯಿತು! ಬೋರ್ಡಣ್ಣ ಅಂಗಿಯ ತೋಳು ಮಡಿಸಿ ಕೂತ. ಅಕ್ಷರಕ್ಕೆಲ್ಲ ಮುಳ್ಳು ಮೂಡಿಸಿ, ಯಾರಾದರೂ ಓದುತ್ತಾರಾ ನೋಡೋಣವೆಂದು ಹಾಳೆಯನ್ನು ಅಂಗಡಿ ಮುಂದೆ ತೂಗುಹಾಕಿದ. ಪಕ್ಕದಂಗಡಿ ಟೈಲರು ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ ಹಾದುಹೋಗುತ್ತ, “ಹಾಹಾಕಾರ. ಮುಳ್ಳು ಜಾಸ್ತಿ ಆಯ್ತು ಬೋರ್ಡಣ್ಣ” ಎಂದ. ನಿಲ್ಲಲೂ ಇಲ್ಲ ಪುಣ್ಯಾತ್ಮ.

ಮತ್ತೊಂದು ಹಾಳೆಗೆ ಜೇಡರ ಬಲೆ ಹೊದಿಸಿದ. ಟೈಲರು ಈ ಸಲ ಗಿರಾಕಿಯ ಅಳತೆ ತೆಗೆಯುತ್ತಲೇ ಅಲ್ಲಿಂದ ಓದಿದ. ಕೊನೆಗೆ ಬೋರ್ಡಣ್ಣ ಕಣ್ಣು ಮುಚ್ಚಿ ಎಡಗೈಯಲ್ಲಿ ಬರೆದ. ಎಡಗೈಯೂ ದುಂಡಗೆ ಬರೆಯಬೇಕೇ! ಆ ಹೊತ್ತಿಗೆ ಸರಿಯಾಗಿ ಎದುರಿನ ಔಷಧಿ ಅಂಗಡಿಯವರು ಬಂದರು. ಮೂವತ್ತೈದು ವರ್ಷ ಡಾಕ್ಟರುಗಳ ಚೀಟಿ ಓದಿದ ಆಸಾಮಿ.

“ಇದೇನ್ ಮಹಾ!” ಎಂದವರೇ ಬೀದಿಗೆಲ್ಲ ಕೇಳುವಂತೆ “ಹಾಹಾಕಾರ!” ಎಂದು ಕೂಗಿದರು.

ಕೂಗು ಕೇಳಿದ ಟೈಲರು ಬೆಂಕಿಯೇ ಬಿತ್ತೆಂದು ಬಕೆಟ್ ನೀರು ಹಿಡಿದು ಓಡಿಬಂದ. ಹಿಂದೆ ಮುಂದೆ ನೋಡದೆ ಎರಚಿದ. ಬಾಯ್ತೆರೆದ ಮುಖದ ಚಿತ್ರ ಬೀರುವಿನೊಳಗಿತ್ತು, ಸದ್ಯ. ಬರೆದ ಅಕ್ಷರದ ಹಾಳೆಗಳೆಲ್ಲ ನೀರುಪಾಲು. ಗಡಿಯಾರದಲ್ಲಿ ನಾಲ್ಕು ಗಂಟೆ.

ಗದ್ದಲ ಕೇಳಿ ಮನೆಯಿಂದ ಓಡಿಬಂದ ಹೆಂಡತಿಗೆ “ನನ್ನ ಕೈಲಾಗಲ್ಲ ಕಣೇ” ಎಂದು ಬೋರ್ಡಣ್ಣ ಒದ್ದೆ ಸ್ಟೂಲಿನ ಮೇಲೆ ಕುಸಿದ.

ಅವಳು ಸೆರಗಿನಿಂದ ಮೇಜು ಒರೆಸುತ್ತ, “ಹಾ, ಹಾ, ಕಾ ಅಂತ ಮೂರು ದೀರ್ಘ ಸಾಲಾಗಿ ನಿಂತಿದಾವಲ್ರೀ, ಯಾರಾದ್ರೂ ಓದ್ತಾರೆ” ಎಂದಳು.

“ದೀರ್ಘ ತೆಗೆದ್ರೆ ತಪ್ಪಾಗತ್ತೆ.”

“ಯಾರು ತೆಗೀರಿ ಅಂದ್ರು? ಬಗ್ಗಿಸಿ! ಅಕ್ಷರ ಬರೀಬೇಡಿ, ಗಿಡದ ಬೇರು ಬರೀರಿ.”

ಬೋರ್ಡಣ್ಣ ಕುಂಚ ಎತ್ತಿದ. ಮೂರು ದೀರ್ಘಗಳನ್ನೂ ಬೇರಿನ ಹಾಗೆ ನೆಲಕ್ಕಿಳಿಸಿ, ಒಂದಕ್ಕೊಂದು ಹೆಣೆದ. ಕೊನೆಯ ‘ರ’ದ ತಲಕಟ್ಟನ್ನು ಹಾರಿಸಿಬಿಟ್ಟ. ಮೂವತ್ತು ವರ್ಷ ತಲಕಟ್ಟು ಕೊಂಕದಂತೆ ಬರೆದವನು ತಪ್ಪಾಯಿತೆಂದು ಕೆನ್ನೆ ಬಡಿದುಕೊಂಡ. ಆದರೆ ಹಾಳೆಯ ಮೇಲೆ ಬೆಳೆದು ನಿಂತದ್ದು ಎಂಥ ಅದ್ಭುತ! ನೋಡಿದರೆ ಭಯ, ಕಣ್ಣು ಕೀಳಲು ಮನಸ್ಸಿಲ್ಲ.

ಔಷಧಿ ಅಂಗಡಿಯವರು ಕನ್ನಡಕ ಏರಿಸಿದರು, ಇಳಿಸಿದರು, ಹಾಳೆ ತಿರುಗಿಸಿದರು. “‘ಊಟ ಆದ್ಮೇಲೆ’ ಅನ್ನೋದೊಂದು ಕಂಡ ಹಾಗಾಗತ್ತೆ. ಮಿಕ್ಕಿದ್ದು ದೇವರಿಗೇ ಗೊತ್ತು. ಬೋರ್ಡಣ್ಣ, ನನ್ನ ಸೋಲಿಸಿದ್ದು ನೀನೊಬ್ಬನೇ” ಎಂದು ಕೈಮುಗಿದರು.

ಐದಕ್ಕೆ ನಾಲ್ವರೂ ಬಂದರು. ಗಾಯಕ ನೋಡಿದವನೇ, “ತಲಕಟ್ಟು ಕಡಿದುಬಿಟ್ರಾ ಸಾರ್!” ಎಂದ.

“ಕಡಿದೆ” ಎಂದ ಬೋರ್ಡಣ್ಣ, ಪೊಲೀಸರ ಮುಂದೆ ಒಪ್ಪಿಕೊಳ್ಳುವವನಂತೆ.

ಅವರ ಚಪ್ಪಾಳೆಗೆ ಬೀದಿಯವರೆಲ್ಲ ಹೊರಗೆ ಬಂದರು. ಬೋರ್ಡಣ್ಣ ತನ್ನ ಪೂರ್ತಿ ಹೆಸರನ್ನು ಒಂದು ಚೀಟಿಯಲ್ಲಿ ಮುತ್ತಿನಂಥ ಅಕ್ಷರದಲ್ಲಿ ಬರೆದು ಕೊಟ್ಟ.

ಏಳು ಗಂಟೆಗೆ ಗಾಯಕ ಪ್ರೆಸ್ಸಿನಿಂದ ಮಾದರಿ ಕವರು ಹಿಡಿದು ಓಡೋಡಿ ಬಂದ. ಹೆಂಡತಿ ಆಗಲೇ ಅಕ್ಕನಿಗೆ ವಿಡಿಯೋ ಕರೆ ಮಾಡಿ ಕೂತಿದ್ದಳು. ಮುಂಭಾಗ ನೋಡಿ ಅಕ್ಕನೂ “ಅಬ್ಬಬ್ಬಾ!” ಎಂದಳು. ಹೆಂಡತಿ ಕವರು ತಿರುಗಿಸಿದಳು.

“ನಿಮ್ಮಂಥ ಕಲಾವಿದರ ಹೆಸರನ್ನ ಮೂಲೇಲಿ ಸಣ್ಣಕ್ಷರದಲ್ಲಿ ಹಾಕಕ್ಕೆ ಮನಸ್ಸು ಬರಲಿಲ್ಲ ಸಾರ್” ಎಂದ ಗಾಯಕ. “ಈ ಕಡೆಯಿಂದ ಆ ಕಡೆವರೆಗೆ ಹಾಕಿದ್ದೀವಿ. ನಿಮ್ಮ ಬೇರುಗಳನ್ನೇ ತಗೊಂಡು, ನಿಮ್ಮ ಶೈಲೀಲೇ ನಾಲ್ಕೂ ಜನ ಕೂತು ಹೆಣೆದ್ವಿ. ತಲಕಟ್ಟು ಒಂದನ್ನೂ ಬಿಟ್ಟಿಲ್ಲ, ಎಲ್ಲಾ ಕಡಿದಿದ್ದೀವಿ!”

ಬೋರ್ಡಣ್ಣ ನೋಡಿದ. ತನ್ನ ಹೆಸರಿನ ಮೊದಲಕ್ಷರ ಯಾವ ಕಡೆಯಿಂದ ಶುರುವಾಗುತ್ತದೆಂದು ಅವನಿಗೇ ಹತ್ತಲಿಲ್ಲ.

“ಹಿಂದ್ಗಡೆ ಬರೀ ಗಿಡದ ಬೇರೇ ಇದೆಯಲ್ಲೇ, ನಿನ್ನ ಗಂಡನ ಹೆಸರೆಲ್ಲಿ?” ಎಂದಳು ಫೋನಿನಲ್ಲಿ ಅಕ್ಕ.

ಹೆಂಡತಿ ಗಂಡನ ಮುಖ ನೋಡಿದಳು. ಗಾಯಕನೂ ಆಸೆಯಿಂದ ಅದೇ ಮುಖ ನೋಡುತ್ತಿದ್ದ. “ಹೆಂಗಿದೆ ಸಾರ್?”

ಬೋರ್ಡಣ್ಣ ಕವರನ್ನು ತಲೆಕೆಳಗು ಮಾಡಿ ನೋಡಿದ. “ಒಂದಕ್ಷರಾನೂ ಓದಕ್ಕಾಗ್ತಿಲ್ಲಪ್ಪ” ಎಂದ.

ಇಷ್ಟು ದೊಡ್ಡ ಹೊಗಳಿಕೆ ತಮಗೆ ಇದುವರೆಗೆ ಯಾರಿಂದಲೂ ಸಿಕ್ಕಿರಲಿಲ್ಲವೆಂದು ಗಾಯಕ ಅವನನ್ನು ಗಟ್ಟಿಯಾಗಿ ತಬ್ಬಿಕೊಂಡ.